ರಂಜಕದ ಕೈ, ಕಣ್ಣಿನ ಹನಿ

ಆ ದಿನ ಬೆಳಿಗ್ಗೆಯೂ ಎಂದಿನಂತೆ ಗೇಟಿಗೆ ತೂಗುಹಾಕಿದ ಚೀಲದಿಂದ ಹಾಲಿನ ಪಾಕೀಟು ತೆಗೆದುಕೊಂಡು, ಅಂಗಳಕ್ಕೆ ಒಂದು ತಂಬಿಗೆ ನೀರು ಚಿಮುಕಿಸಿ, ಚಿಕ್ಕದೊಂದು ರಂಗೋಲಿ ಹಾಕಿ ಒಳಗೆ ಬಂದೆ. ನಳದಲ್ಲಿ ನೀರು ಬರುವ ದಿನವಾಗಿರಲಿಲ್ಲ, ಹಾಗಾಗಿ ನೀರಿನ ಮೇಲೆ ಕೈ ಬಿಗಿಯಾಗಿತ್ತು. ಜನವರಿಯ ಚಳಿಗೆ ಕೊಬ್ಬರಿ ಎಣ್ಣೆಯ ಬಾಟಲಿ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಅದನ್ನು ಒಲೆಯ ಪಕ್ಕಕ್ಕೆ ಸರಿಸಿ ಚಹಾಕ್ಕಿಟ್ಟೆ. ಚಹಾ ಕುದಿಯುವಷ್ಟರಲ್ಲಿ ಸಾಬೂನಿನಿಂದ ಕೈ ತೊಳೆದು, ಯಾವ ಬಟ್ಟೆಗೂ ಒರೆಸದೆ ಗಾಳಿಯಲ್ಲೇ ಆರಿಸಿಕೊಂಡು, ನಮ್ಮವರ ಕಣ್ಣಿಗೆ ಬೆಳಗಿನ ಹನಿ ಹಾಕಲು ಹೋದೆ.

ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿ ವಾರವಾಗಿತ್ತು. ಮಂಚದ ಅಂಚಿಗೆ ಕೂತು, ತಲೆ ಹಿಂದಕ್ಕೆ ಚೆಲ್ಲಿ, ನಾನು "ಕಣ್ಣ ತೆರೀರಿ" ಅಂದ ಕೂಡಲೇ ಬಾಯಿ ತೆರೆಯುತ್ತಿದ್ದರು. ಕಣ್ಣು ಮಾತ್ರ ಇನ್ನಷ್ಟು ಮುಚ್ಚಿಕೊಳ್ಳುತ್ತಿತ್ತು.

"ಬಾಯಿ ಅಲ್ರಿ, ಕಣ್ಣ."

"ಎರಡೂ ಒಂದ ದಾರಕ್ಕ ಕಟ್ಟ್ಯಾವ, ನಾ ಏನ ಮಾಡ್ಲಿ?"

ನಾನು ಎಡಗೈಯನ್ನು ಅವರ ಗಲ್ಲದ ಮೇಲೆ ಊರಿ, ಬೆರಳಿನಿಂದ ಕೆಳಗಿನ ರೆಪ್ಪೆ ಮೆಲ್ಲಗೆ ಎಳೆದು, ಬಲಗೈಯಿಂದ ಒಂದು ಹನಿ ಬೀಳಿಸುತ್ತಿದ್ದೆ. ಬೇರೆ ಯಾರಿಗೂ ಅವರು ಆ ಕಣ್ಣು ಮುಟ್ಟಗೊಡುತ್ತಿರಲಿಲ್ಲ. ಅವರ ಅಣ್ಣ ನೋಡಲು ಬಂದವರು ಒಮ್ಮೆ ಬಾಟಲಿ ಕೈಗೆತ್ತಿಕೊಂಡಾಗ ನಮ್ಮವರು ಎದ್ದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಿದ್ದರು.

ಅವರ ಹೆದರಿಕೆಗೆ ಕಾರಣವಿತ್ತು. ಸಣ್ಣವರಿದ್ದಾಗ ಚಿಣಿಫಣಿ, ಅಂದರೆ ಚಿನ್ನಿದಾಂಡು, ಆಡುವಾಗ ಚಿಣಿ ಹಾರಿ ಎಡಗಣ್ಣಿಗೆ ಬಡಿದು, ಆ ಕಣ್ಣಿಗೆ ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಇಷ್ಟು ವರ್ಷ ಸಂಸಾರ, ವ್ಯಾಪಾರ ಎಲ್ಲವನ್ನೂ ನಡೆಸಿದ್ದು ಬಲಗಣ್ಣು ಒಂದೇ. ವ್ಯಾಪಾರವೂ ಎಂಥದು? ಹತ್ತಿಯದು. ಒಂದು ಚಿಟಿಕೆ ಹತ್ತಿಯನ್ನು ಬೆಳಕಿಗೆ ಹಿಡಿದು, ಎರಡೂ ಕಡೆ ಮೆಲ್ಲಗೆ ಎಳೆದು, ಎಳೆಯ ಉದ್ದ ಇಷ್ಟು, ಯಾವ ಕಡೆಯ ಭೂಮಿಯದು ಎಂದು ಹೇಳುವ ಕೆಲಸ. ಪೊರೆ ಬಂದ ಮೇಲೂ ಅವರು ಆಪರೇಷನ್ ಅಂದರೆ ಮಾತು ಮರೆಸುತ್ತಿದ್ದರು. "ಇರೋದೊಂದು. ಅದೂ ಕೆಟ್ರ?" ಎಂದು ಒಂದೇ ಸಲ ನನ್ನ ಮುಂದೆ ಹೇಳಿದ್ದರು. ಕೊನೆಗೆ ಅಂಗಡಿಯಲ್ಲಿ ಎರಡು ನಮೂನೆಯ ಹತ್ತಿಗೂ ಒಂದೇ ಬೆಲೆ ಹೇಳಿದ ದಿನ ತಾವಾಗಿಯೇ ಒಪ್ಪಿಕೊಂಡರು.

ಕಣ್ಣಿನ ಪಟ್ಟಿ ಬಿಚ್ಚಿದಾಗ ಅವರು ಮೊದಲು ಮಾಡಿದ ಕೆಲಸವೆಂದರೆ ಆ ಪಟ್ಟಿಯ ಹತ್ತಿಯನ್ನೇ ಚಿಟಿಕೆಯಷ್ಟು ಕಿತ್ತು, ಕಿಟಕಿಯ ಬೆಳಕಿಗೆ ಹಿಡಿದು ಎಳೆದದ್ದು. "ಇದ ನಮ್ಮ ಕಡೀದಲ್ಲ" ಅಂದರು. ಆಮೇಲೆ ನನ್ನ ಕಡೆ ತಿರುಗಿ ಬಹಳ ಹೊತ್ತು ನೋಡಿ, "ಅಲ್ಲ, ನೀ ಯಾವಾಗ ಇಷ್ಟ ಮುದುಕಿ ಆದಿ?" ಎಂದರು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಇಂಥ ಹೊತ್ತಿನಲ್ಲಿ ಮನೆಗೆ ಮೆಣಸಿನಕಾಯಿ ಬಂದಿತ್ತು. ನನ್ನ ನಾದಿನಿಯ ಹೊಲದ್ದು, ಗಿಡದಲ್ಲೇ ಹಣ್ಣಾಗಿ ಕೆಂಪಾದ ಹಸಿ ಕಾಯಿ. ಪ್ರತಿವರ್ಷ ಈ ಚಳಿಯಲ್ಲಿ ಅವಳು ಒಂದು ಚೀಲ ಬಸ್ಸಿಗೆ ಹಾಕಿ ಕಳಿಸುತ್ತಾಳೆ, ನಾನು ಅದನ್ನು ಉಪ್ಪು, ಬೆಳ್ಳುಳ್ಳಿ, ಲಿಂಬೆರಸ ಹಾಕಿ ರುಬ್ಬಿ ರಂಜಕ ಮಾಡಿ ಭರಣಿ ತುಂಬುತ್ತೇನೆ. ಕಾಯಿಯಲ್ಲಿ ಅರ್ಧ ನಮಗೆ, ಅರ್ಧ ಪಕ್ಕದ ಮನೆಯ ಭಾಬಿಗೆ. ಈ ಪಾಲು ಗೋಪನಕೊಪ್ಪದಲ್ಲಿ ನಾವು ಮನೆ ಮಾಡಿದಾಗಿನಿಂದ ನಡೆದುಬಂದದ್ದು. ಹಿತ್ತಲಿನ ಗೋಡೆ ಒಂದು ಕಡೆ ಕುಸಿದಿದೆ. ಇಬ್ಬರೂ ಯಜಮಾನರು ಅದನ್ನು ಕಟ್ಟಿಸುವ ಮಾತಾಡುತ್ತಲೇ ಇರುತ್ತಾರೆ, ನಾವಿಬ್ಬರೂ ಅದರ ಮೇಲಿಂದ ತಾಟು ದಾಟಿಸುತ್ತಲೇ ಇರುತ್ತೇವೆ.

ಈ ಸಲ ಬೇಡವೆಂದೇ ಇದ್ದೆ. ಆದರೆ ನೆರಳಲ್ಲಿ ಹರವಿದ್ದ ಕಾಯಿಗಳಲ್ಲಿ ಕೆಲವು ಆಗಲೇ ಮೆತ್ತಗಾಗಿ, ಒಂದೆರಡರ ಮೈಮೇಲೆ ಕಂದು ಮಚ್ಚೆ ಬಿದ್ದಿದ್ದವು. ಭಾಬಿ ಗೋಡೆಯ ಆಚೆಯಿಂದಲೇ ಬಗ್ಗಿ ನೋಡಿ, "ಅಕ್ಕಾರ, ಇವತ್ತ ಆಗಲಿಲ್ಲಂದ್ರ ನಾಳಿಗೆ ತಿಪ್ಪಿಗೆ ಹಾಕೂದ ನೋಡ್ರಿ" ಅಂದರು.

ಒಳಗೆ ಮಲಗಿದ್ದವರಿಗೆ ಅದು ಕೇಳಿಸಿತು. "ಏ, ಮಾಡ್ರಿ, ಮಾಡ್ರಿ! ಆಪರೇಷನ್ ಕಣ್ಣಿಗೆ ಆಗೇತಿ, ನಾಲಿಗಿಗೆ ಆಗಿಲ್ಲ!"

ಮಾಡುವುದೇ ಆದರೆ ಎಚ್ಚರದಿಂದ ಮಾಡಬೇಕೆಂದು ನಿರ್ಧರಿಸಿದೆ. ಮಧ್ಯಾಹ್ನ ಮತ್ತೆ ಹನಿ ಹಾಕಬೇಕು, ಹಾಕುವ ಕೈ ನನ್ನದೇ. ಮೆಣಸಿನಕಾಯಿಯ ಖಾರ ಚರ್ಮಕ್ಕೆ ಹತ್ತಿದರೆ ಸಂಜೆಯವರೆಗೂ ಬಿಡದು. ಮದುವೆಯಾಗಿ ಬಂದ ಮೊದಲ ವರ್ಷ ನಾನು ಬರಿಗೈಲಿ ಕಾಯಿ ಬಿಡಿಸಿ, ಉರಿ ತಾಳಲಾರದೆ ಬಿಸಿನೀರಿನಲ್ಲಿ ಕೈ ಅದ್ದಿ, ಉರಿ ಎರಡರಷ್ಟಾಗಿ ಕುಣಿದದ್ದನ್ನು ನಮ್ಮ ಅತ್ತೆ ಕೊನೆಯವರೆಗೂ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಅವರು ಮಾತ್ರ ಕಾಯಿ ಮುಟ್ಟುವ ಮೊದಲು ಕುಸುಬಿ ಎಣ್ಣೆಯನ್ನು ಬೆರಳ ಸಂದಿಗೆ, ಉಗುರಿನ ಬುಡಕ್ಕೆ, ಮೊಳಕೈವರೆಗೆ ತಿಕ್ಕಿಕೊಳ್ಳುತ್ತಿದ್ದರು. ಕೆಲಸ ಮುಗಿದ ಮೇಲೆ ಮತ್ತೆ ಎಣ್ಣೆ, ಎಣ್ಣೆಯ ಮೇಲೆ ಒಣ ಕಡಲೆಹಿಟ್ಟು ಹಾಕಿ ಉಜ್ಜಿ ಉದುರಿಸಿ, ಆಮೇಲೆ ತಣ್ಣೀರು. "ಖಾರ ನೀರಿಗೆ ಹೆದರಂಗಿಲ್ಲವಾ, ಎಣ್ಣಿ ಮಾತ ಕೇಳತೈತಿ" ಅನ್ನುತ್ತಿದ್ದರು.

ನಾನು ಅತ್ತೆಯ ಎಣ್ಣೆಯನ್ನೂ ಬಿಡಲಿಲ್ಲ, ಅದರ ಮೇಲೆ ಔಷಧದ ಅಂಗಡಿಯಿಂದ ತಂದ ತೆಳು ಗ್ಲೌಸನ್ನೂ ಹಾಕಿಕೊಂಡೆ. ಹನಿಯ ಬಾಟಲಿ ತರುವಾಗಲೇ ತಂದಿಟ್ಟಿದ್ದೆ. ಕಾನ್ವೆಂಟಿನಲ್ಲಿ ಓದಿದವಳು ನಾನು. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ನಾವೆಲ್ಲ ಸಾಲಾಗಿ ನಿಂತು ಎರಡೂ ಕೈ ಮುಂದೆ ಚಾಚಬೇಕಿತ್ತು. ಸಿಸ್ಟರ್ ಒಬ್ಬೊಬ್ಬರ ಕೈಯನ್ನೂ ಮೊದಲು ಅಂಗೈ ಮೇಲೆ, ಆಮೇಲೆ ಉಗುರು ಮೇಲೆ ಮಾಡಿಸಿ ನೋಡುತ್ತಿದ್ದರು. ಶಾಯಿಯ ಕಲೆ ಇದ್ದರೂ ಸಾಲಿನಿಂದ ಹೊರಗೆ. ಬಳೆಗೆ ಅಪ್ಪಣೆಯೇ ಇರಲಿಲ್ಲ. ಇಂದಿಗೂ ಕೈ ತೊಳೆದ ಕೂಡಲೇ ನಾನು ಹಾಗೆಯೇ ತಿರುಗಿಸಿ ನೋಡಿಕೊಳ್ಳುತ್ತೇನೆ, ಅಂಗೈ, ಉಗುರು. ಅಷ್ಟು ನೋಡಿದರೆ ಕೈ ಚೊಕ್ಕ ಎಂದು ಲೆಕ್ಕ.

ಗ್ಲೌಸಿಗೆ ಅಡ್ಡ ಬಂದದ್ದು ಬಳೆ. ಹಸಿರು ಗಾಜಿನ ಬಳೆಗಳ ಮೇಲೆ ಆ ತೆಳು ರಬ್ಬರು ಏರಲಿಲ್ಲ, ಎಳೆದರೆ ಹರಿಯುವಂತಿತ್ತು. ಬಳೆ ತೆಗೆದಿಡುವ ಯೋಚನೆ ನನಗೆ ಹೊಳೆಯಲೂ ಇಲ್ಲ. ಮುತ್ತೈದೆ ಕೈ ಬರಿದಾಗಬಾರದು ಎಂಬುದು ಅತ್ತೆಯ ಕಟ್ಟು. ಹೊಸ ಬಳೆ ಇಡಿಸುವಾಗಲೂ ಹಳೆಯದೊಂದನ್ನು ಕೈಯಲ್ಲಿ ಉಳಿಸಿಕೊಂಡೇ ಉಳಿದವನ್ನು ತೆಗೆಯುವ ಮನೆ ನಮ್ಮದು. ಬಳೆಗಳನ್ನೆಲ್ಲ ಮೊಳಕೈ ಕಡೆಗೆ ಒತ್ತಿ ಏರಿಸಿ, ಅಲ್ಲಿ ಬಿಗಿಯಾಗಿ ಕೂರಿಸಿ, ಕೆಳಗೆ ಗ್ಲೌಸು ತೊಟ್ಟೆ. ಸೆರಗನ್ನು ಮೂಗಿಗೆ ಕಟ್ಟಿಕೊಂಡೆ. ನಮ್ಮವರನ್ನು ಮುಂದಿನ ಕೋಣೆಯಲ್ಲಿ ಕೂರಿಸಿ, ಬಾಗಿಲು ಮುಚ್ಚಿ, ಘಾಟು ನುಸುಳದ ಹಾಗೆ ಹೊಸ್ತಿಲ ಸಂದಿಗೆ ಹಸಿ ಟವೆಲ್ ತುರುಕಿದೆ.

ಹಿತ್ತಲಿಗೆ ಬಂದ ಭಾಬಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಏನ್ರಿ ಅಕ್ಕಾರ, ಮೆಣಸಿನಕಾಯಿಗೂ ಆಪರೇಷನ್ ಐತೇನು?"

"ನಗ್ರಿ, ನಗ್ರಿ. ಮಧ್ಯಾಹ್ನ ನಿಮ್ಮ ಕೈ ಉರಿಯೂವಾಗ ನಾ ನಗತೇನಿ."

"ನಮ್ಮ ಕೈ ಏನ ಉರಿಯಂಗಿಲ್ಲ ಬಿಡ್ರಿ. ನಮ್ಮ ಮನಿಯವರ ಗ್ಯಾರೇಜಿನ ಅಂಗಿ ಒಗದೂ ಒಗದೂ ಚಮಡಾ ಆಗ್ಯಾವ." ಹಾಗೆಂದರೂ ಅವರೂ ಎಣ್ಣೆ ಬೇಡಿ ಹಚ್ಚಿಕೊಂಡೇ ಕೂತರು.

ಕರಿಬೇವಿನ ಗಿಡದ ನೆರಳಿನಲ್ಲಿ ಇಬ್ಬರೂ ಕೂತು ತೊಟ್ಟು ಬಿಡಿಸಿದೆವು. ಎಳೆದ ತೊಟ್ಟಿನ ಬುಡದಲ್ಲಿ ಒಂದು ಹನಿ ರಸ ಜಿನುಗುತ್ತಿತ್ತು, ಬೀಜ ಅಂಟಿಕೊಂಡು ಬರುತ್ತಿತ್ತು. ಭಾಬಿ ತಮ್ಮ ಪಾಲನ್ನು ಮುಸ್ಸಂಜೆಗೆ ರುಬ್ಬುವುದಾಗಿ ಬುಟ್ಟಿಗೆ ತುಂಬಿಟ್ಟರು. ನನ್ನ ಪಾಲನ್ನು ಮಿಕ್ಸರಿಗೆ ಸ್ವಲ್ಪ ಸ್ವಲ್ಪವೇ ಹಾಕಿ ತರಿತರಿಯಾಗಿ ತಿರುವಿದೆ. ಜಾರಿನ ತಳದಲ್ಲಿ ಅಂಟಿದ್ದು ಚಮಚಕ್ಕೆ ಬರಲಿಲ್ಲ, ಕೈ ಒಳಗಿಳಿಸಿ ಬಳಿದೆ. ಬಣ್ಣವೆಂದರೆ ಬಣ್ಣ. ಕುಂಕುಮಕ್ಕೆ ನೀರು ಬಿಟ್ಟ ಹಾಗೆ. ಒಳಗಿನಿಂದ ನಮ್ಮವರು "ವಾಸನಿ ಬರಾಕತ್ತೇತಿ, ಬೆಳ್ಳೊಳ್ಳಿ ಕಮ್ಮಿ ಆಗೇತಿ" ಎಂದು ಕೂಗಿದರು. ಮುಚ್ಚಿದ ಬಾಗಿಲು, ಹಸಿ ಟವೆಲು, ಆದರೂ ಅವರಿಗೆ ಬೆಳ್ಳುಳ್ಳಿಯ ಲೆಕ್ಕ ಸಿಕ್ಕಿತ್ತು.

ಅಷ್ಟರಲ್ಲಿ ಮಧ್ಯಾಹ್ನದ ಹನಿಯ ಹೊತ್ತಾಯಿತು.

ಗ್ಲೌಸನ್ನು ಒಳಮಗ್ಗುಲು ಹೊರಗೆ ಬರುವ ಹಾಗೆ ಸುಲಿದು ತೆಗೆದೆ. ದವಾಖಾನೆಯಲ್ಲಿ ನರ್ಸ್ ಹಾಗೆ ತೆಗೆಯುವುದನ್ನು ನೋಡಿಕೊಂಡಿದ್ದೆ. ಎಣ್ಣೆ, ಕಡಲೆಹಿಟ್ಟು, ತಣ್ಣೀರು, ಸಾಬೂನು, ಎಲ್ಲ ಆಯಿತು. ಅಂಗೈ ನೋಡಿದೆ, ಉಗುರು ನೋಡಿದೆ. ಇಷ್ಟಕ್ಕೂ ಸಮಾಧಾನವಾಗದೆ ಒಂದೊಂದೇ ಬೆರಳ ತುದಿಯನ್ನು ನಾಲಿಗೆಗೆ ಮುಟ್ಟಿಸಿ ನೋಡಿದೆ. ಯಾವುದೂ ಚುರ್ ಅನ್ನಲಿಲ್ಲ. ಮಣಿಕಟ್ಟಿನ ಹತ್ತಿರ ಸಣ್ಣಗೆ ಬೆಚ್ಚಗಾದಂತಿತ್ತು, ಗ್ಲೌಸಿನ ಅಂಚು ಬಿಗಿದದ್ದಿರಬೇಕು ಎಂದುಕೊಂಡೆ. ಕೈ ಇಳಿಬಿಟ್ಟಾಗ ಬಳೆಗಳು ತಾವಾಗಿಯೇ ಘಲ್ ಎಂದು ಜಾಗಕ್ಕೆ ಬಂದವು.

ನಮ್ಮವರು ಮಂಚದ ಅಂಚಿಗೆ ಬಂದು ಬಾಯಿ ತೆರೆದು ಕೂತರು. ಗಲ್ಲಕ್ಕೆ ಎಡಗೈ ಊರಿ, ರೆಪ್ಪೆ ಎಳೆದು, ಹನಿ ಬೀಳಿಸಿದೆ. ಬಾಟಲಿಯ ಮುಚ್ಚಳ ಹಾಕುತ್ತಿದ್ದೆ.

"ಏ... ಉರಿ. ಉರ್ಯಾಕತ್ತೇತಿ."

"ಹನಿ ಸ್ವಲ್ಪ ಚುರುಗುಡತೈತ್ರಿ ದಿನಾ."

"ದಿನದ್ದಲ್ಲ ಇದು. ಉರಿ! ಬೆಂಕಿ ಬಿದ್ದಂಗ ಆಗಾಕತ್ತೇತಿ!"

ಕಣ್ಣಿನ ಕೆಳಗೆ ಕೆಂಪಗೆ ಏರುತ್ತಿತ್ತು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಸಂದಿಯಿಂದ ನೀರು ಸುರಿಯುತ್ತಿತ್ತು. ಅವರ ಎರಡೂ ಕೈ ಮುಖದತ್ತ ಏಳುತ್ತಿದ್ದವು.

"ತಿಕ್ಕಬ್ಯಾಡ್ರಿ!" ಎಂದು ಕಿರುಚಿದೆ. ಹಿಡಿಯಲು ಮುಂದೆ ಹೋದವಳು ಹಾಗೇ ನಿಂತೆ. ಉರಿ ಬಂದದ್ದೇ ನನ್ನ ಕೈಯಿಂದ. ಇನ್ನು ಆ ಕೈಯಿಂದ ಅವರನ್ನು ಹೇಗೆ ಮುಟ್ಟಲಿ?

ಕೂಗು ಕೇಳಿ ಭಾಬಿ ಒಂದು ತಂಬಿಗೆ ನೀರು ಹಿಡಿದು ಓಡಿ ಬಂದರು. "ನೀರ ಗೊಜ್ರಿ ಅಕ್ಕಾರ, ಲಗೂ!"

"ಬ್ಯಾಡ! ಡಾಕ್ಟರ್ ಆ ಕಣ್ಣಿಗೆ ನೀರ ಮುಟ್ಟಿಸಬ್ಯಾಡ ಅಂದಾರ!"

ಭಾಬಿ ತಂಬಿಗೆ ಕೆಳಗಿಟ್ಟು ಅವರ ಕೈ ಹಿಡಿಯಲು ಹೋದರು. ಅವರ ಬೆರಳುಗಳೋ, ಬೆಳಗಿನಿಂದ ಬರಿಗೈಲಿ ಕಾಯಿ ಬಿಡಿಸಿದವು. ಅವರೇ ಅದನ್ನು ನೋಡಿ, "ಯಾ ಅಲ್ಲಾ" ಎಂದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ಕಣ್ಣುರಿ ಎಂದು ಒದ್ದಾಡುವ ಗಂಡಸು ಒಬ್ಬ, ಅವನನ್ನು ಮುಟ್ಟಲು ಹೆದರಿ ನಿಂತ ಹೆಂಗಸರು ಇಬ್ಬರು. ಈಗ ನೆನೆದರೆ ನಗು ಬರುತ್ತದೆ. ಆಗ ಮಾತ್ರ ಇರೋದೊಂದು, ಅದೂ ಕೆಟ್ರ ಎಂಬ ಅವರ ಮಾತು ತಲೆಯಲ್ಲಿ ತಿರುಗುತ್ತಿತ್ತು.

ಕಾನ್ವೆಂಟಿನಲ್ಲಿ ಗಲಾಟೆ ಮಾಡುವ ಮಕ್ಕಳಿಗೆ ಸಿಸ್ಟರ್ ಹೇಳುತ್ತಿದ್ದ ಮಾತು ಆಗ ಎಲ್ಲಿಂದಲೋ ಬಂತು. "ಕೈ ಮ್ಯಾಲೆ ಕೂಡ್ರಿ!" ಅಂದೆ.

"ಏನಂದಿ?"

"ಎರಡೂ ಕೈ ತೊಡಿ ಕೆಳಗ ಇಟ್ಕೊಂಡ ಕೂಡ್ರಿ. ತೆಗೀಬ್ಯಾಡ್ರಿ. ನನ್ನ ಆಣಿ."

ಅವರು ಕೂತರು. ಕಣ್ಣು ಮುಚ್ಚಿ, ಕೈ ತೊಡೆಯ ಕೆಳಗೆ ಸೇರಿಸಿ, ಬೈಸಿಕೊಂಡ ಹುಡುಗನ ಹಾಗೆ ಅಲುಗಾಡುತ್ತ ಕೂತರು. ನಾನು ಫೋನನ್ನು ಸೆರಗಿನಲ್ಲಿ ಹಿಡಿದು, ಬೆರಳ ಗೆಣ್ಣಿನಿಂದ ಒತ್ತಿ ದವಾಖಾನೆಗೆ ಹಚ್ಚಿದೆ. ಆ ಕಡೆಯಿಂದ ನರ್ಸ್ ಕಣ್ಣು ಮುಚ್ಚಿಕೊಂಡೇ ಇರಲಿ, ತಿಕ್ಕುವುದು ಬೇಡ, ಏನೂ ಹಾಕದೆ ಸೀದಾ ಕರೆದುಕೊಂಡು ಬನ್ನಿ ಎಂದಳು.

ಭಾಬಿ ಅಷ್ಟರಲ್ಲಾಗಲೇ ಓಣಿಯ ಮೂಲೆಯಲ್ಲಿರುವ ತಮ್ಮವರ ಗ್ಯಾರೇಜಿಗೆ ಓಡಿದ್ದರು. ಅವರ ಯಜಮಾನರು ರಿಪೇರಿಗೆ ಬಂದಿದ್ದ ಯಾರದೋ ಆಟೋವನ್ನೇ ತಂದು ಗೇಟಿಗೆ ನಿಲ್ಲಿಸಿದರು. "ಹತ್ರಿ, ಹತ್ರಿ ಅಣ್ಣಾರ. ಬ್ರೇಕ್ ಛಲೋ ಐತಿ, ಹಾರ್ನ್ ಅಷ್ಟ ಇಲ್ಲ." ಹಾರ್ನ್ ಇಲ್ಲದ ಕೊರತೆಯನ್ನು ದಾರಿಯುದ್ದಕ್ಕೂ ಅವರ ಗಂಟಲೇ ತುಂಬಿತು. "ಸರೀರಿ! ಏ ಸೈಕಲ್, ಸರಿಯೋ!" ಎಂಬ ಕೂಗಿನ ನಡುವೆ ನಮ್ಮವರು ಕಣ್ಣು ಮುಚ್ಚಿಕೊಂಡೇ, "ಉಸ್ತಾದ, ಸಿಗ್ನಲ್ ಕೆಂಪ ಇದ್ರ ನಿಂದರಪಾ" ಎಂದರು. ನಾನು ಸೀಟಿನ ಇನ್ನೊಂದು ತುದಿಗೆ ಸರಿದು, ಕೈ ಮಡಿಲಲ್ಲಿ ಮೇಲ್ಮುಖ ಇಟ್ಟುಕೊಂಡು ಕೂತಿದ್ದೆ. ಅಂಗೈ ಚೊಕ್ಕವಿತ್ತು. ಉಗುರೂ ಚೊಕ್ಕವಿತ್ತು.

ದವಾಖಾನೆಯಲ್ಲಿ ನಮ್ಮನ್ನು ಸಾಲಿಗೆ ಕೂರಿಸದೆ ಒಳಗೆ ಕರೆದರು. ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಆಪರೇಷನ್ ಮಾಡಿದವರೂ ಅವರೇ. ಅವರು ನಮ್ಮವರ ಗದ್ದವನ್ನು ಯಂತ್ರದ ಮೇಲೆ ಇಡಿಸಿ, ಆಚೆಯಿಂದ ಬೆಳಕು ಬಿಟ್ಟು ನೋಡತೊಡಗಿದರು. "ಮ್ಯಾಲೆ ನೋಡ್ರಿ... ಕೆಳಗ... ನನ್ನ ಕಿವಿ ಕಡೆ ನೋಡ್ರಿ." ಆ ಕೋಣೆಯಲ್ಲಿ ಫ್ಯಾನಿನ ಒಂದು ರೆಕ್ಕೆ ಪ್ರತಿ ಸುತ್ತಿಗೂ ಸಣ್ಣಗೆ ಟಿಕ್ ಎನ್ನುತ್ತಿತ್ತು. ನಾನು ಅದನ್ನೇ ಕೇಳುತ್ತ ನಿಂತೆ, ಡಾಕ್ಟರ ಮುಖ ನೋಡುವ ಧೈರ್ಯ ಇರಲಿಲ್ಲ.

"ಕಣ್ಣೊಳಗ ಏನೂ ಹೋಗಿಲ್ರಿ" ಎಂದರು ಅವರು, ತಲೆ ಎತ್ತದೆಯೇ. "ಹಾಕಿದ್ದ ಲೆನ್ಸ್ ಹಾಕಿದಂಗ ಐತಿ. ಗಾಯನೂ ಛಲೋ ಮಾಯಾಕತ್ತೇತಿ."

ನಾನು ಆಗ ತಲೆ ಎತ್ತಿ ಅವರ ಮುಖ ನೋಡಿದೆ.

"ಹೊರಗ ಗಲ್ಲಕ್ಕ ಏನೋ ಹತ್ತೇತಿ. ಅದರ ಉರಿಗೆ ಕಣ್ಣು ನೀರ ಬಿಟ್ಟೈತಿ. ಏನ ಹಚ್ಚಿದ್ರಿ?"

ನಮ್ಮವರೇ ಉತ್ತರಿಸಿದರು. "ರಂಜಕಾರಿ. ನಮ್ಮ ಮನ್ಯಾಗ ಮುದುಕರಿಗೆ ಹಚ್ಚೂ ಪದ್ಧತಿ ಐತಿ."

ಡಾಕ್ಟರ್ ಜೋರಾಗಿ ನಕ್ಕರು. ನರ್ಸ್ ಹತ್ತಿಯಿಂದ ಗಲ್ಲವನ್ನು ಕಣ್ಣಿಗೆ ದೂರವಾಗುವ ಕಡೆಗೆ ಒರೆಸಿ ಒರೆಸಿ ತೆಗೆದಳು, ಏನೋ ತಣ್ಣಗಿನದನ್ನು ಲೇಪಿಸಿದಳು. ಆಮೇಲೆ ಡಾಕ್ಟರ್ ಅವರನ್ನು ಗೋಡೆಯ ಮೇಲಿನ ಅಕ್ಷರಗಳ ಎದುರು ಕೂರಿಸಿ, ಎಡಗಣ್ಣು ಮುಚ್ಚಿಸಿ, ಓದಿ ಎಂದರು. ದೊಡ್ಡ ಅಕ್ಷರದಿಂದ ಶುರುಮಾಡಿ ಅವರು ಒಂದೊಂದೇ ಸಾಲು ಇಳಿದರು. ಪ್ರತಿ ಸಾಲಿಗೂ ನಾನು ಒಂದು ಉಸಿರು ಬಿಟ್ಟೆ. ತೀರ ಸಣ್ಣ ಸಾಲಿಗೆ ಬಂದಾಗ ಸ್ವಲ್ಪ ತಡೆದು, "ಇದೊಂದು ಠ ಇರಬೇಕು, ಇಲ್ಲಾ ರ" ಎಂದರು. ಡಾಕ್ಟರ್ "ಸಾಕ್ರಿ, ನನಗೂ ಅಲ್ಲೀ ಮಟಾ ಓದೂದು ಕಷ್ಟ" ಅಂದರು. ಎದೆಯ ಮೇಲಿಟ್ಟ ಒರಳುಕಲ್ಲನ್ನು ಯಾರೋ ಎತ್ತಿದ ಹಾಗಿತ್ತು.

"ಆದ್ರ ಹತ್ತಿದ್ದು ಹೆಂಗ?" ಎಂದು ಡಾಕ್ಟರ್ ನನ್ನ ಕಡೆ ತಿರುಗಿದರು. "ಕೈ ತೊಳಕೊಂಡಿದ್ರೆಲ್ಲ?"

ನಾನು ಎಣ್ಣೆಯಿಂದ ಸಾಬೂನಿನವರೆಗೆ ಎಲ್ಲವನ್ನೂ ಹೇಳಿದೆ. ನಾಲಿಗೆಗೆ ಮುಟ್ಟಿಸಿ ನೋಡಿದ್ದನ್ನೂ ಹೇಳಿದೆ.

"ಹನಿ ಹೆಂಗ ಹಾಕತೀರಿ, ತೋರಸ್ರಿ ನೋಡೂಣು."

ಅಲ್ಲಿಯೇ ಗಾಳಿಯಲ್ಲಿ ನಮ್ಮವರ ಮುಖ ಇದೆ ಎಂದುಕೊಂಡು ಎಡಗೈ ಊರಿದೆ. ಅಂಗೈ ಕೆಳಮುಖವಾಗಿ ಬಾಗಿತು. ಬಳೆಗಳೆಲ್ಲ ಮಣಿಕಟ್ಟಿನಿಂದ ಜಾರಿ, ಒಂದರ ಮೇಲೊಂದು ಬಿದ್ದು, ಹೆಬ್ಬೆರಳಿನ ಬುಡಕ್ಕೆ ಬಂದು ನಿಂತವು. ಗಲ್ಲ ಇರಬೇಕಾದ ಜಾಗ ಅದೇ. ನಾನು ಹಾಗೆಯೇ ಕೈ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ಎರಡು ಹಸಿರು ಬಳೆಗಳ ನಡುವೆ ಕೆಂಪು ಗೆರೆ ಒಣಗಿ ಕೂತಿತ್ತು. ಅದಕ್ಕೆ ಅಂಟಿಕೊಂಡು ಒಂದು ಮೆಣಸಿನಕಾಯಿ ಬೀಜ, ಸಣ್ಣದು, ಹಳದಿ, ನಮ್ಮ ಜೊತೆಗೇ ಆಟೋದಲ್ಲಿ ಕೂತು ಬಂದಿತ್ತು.

ಜಾರಿನ ತಳ ಬಳಿಯುವಾಗ ಬಳೆಗಳವರೆಗೂ ಕೈ ಇಳಿದಿತ್ತು. ಗ್ಲೌಸು ಅಂಗೈಯನ್ನು ಕಾಯಿತು, ಎಣ್ಣೆ ಚರ್ಮವನ್ನು ಕಾಯಿತು, ನಡುವೆ ಏರಿಸಿಟ್ಟ ಬಳೆಗಳನ್ನು ಯಾರೂ ಕೇಳಿರಲಿಲ್ಲ. ಅಂಗೈ, ಉಗುರು ನೋಡುವ ಸಿಸ್ಟರಿಗೆ ಬಳೆ ನೋಡುವ ಕೆಲಸವೇ ಬಿದ್ದಿರಲಿಲ್ಲ, ನನಗೂ ಅದು ರೂಢಿಯಾಗಿರಲಿಲ್ಲ.

"ಬಳಿ!" ಎಂದೆ. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಡಾಕ್ಟರ್ ತಮ್ಮ ಬರಿ ಮಣಿಕಟ್ಟು ತೋರಿಸಿ, "ಅದಕ್ಕ ನಾವು ಇಲ್ಲಿ ಏನೂ ಹಾಕ್ಕೊಳ್ಳಂಗಿಲ್ರಿ" ಎಂದರು. ಬಾಗಿಲ ಹತ್ತಿರ ಬಂದ ಮೇಲೆ ನಮ್ಮವರು ನಿಂತು ಕೇಳಿದರು, "ಅಲ್ರಿ ಡಾಕ್ಟರ್, ಹೊಟ್ಟಿಗೆ ತಿನ್ನಾಕ ಅಡ್ಡಿ ಇಲ್ಲಲ್ಲ?"

"ತಿನ್ರಿ. ನಮಗೊಂದ ಡಬ್ಬಿ ಕಳಸ್ರಿ."

ಹೊರಗೆ ಬಂದಾಗ ನನಗೆ ಭಯಂಕರ ಹಸಿವಾಗಿತ್ತು. ಬೆಳಗಿನ ಚಹಾ ಬಿಟ್ಟರೆ ಹೊಟ್ಟೆಗೆ ಏನೂ ಹೋಗಿರಲಿಲ್ಲ. ದವಾಖಾನೆಯ ಎದುರಿನ ಗಾಡಿಯಲ್ಲಿ ಮಿರ್ಚಿ ಭಜಿ ಕರಿಯುತ್ತಿದ್ದರು. ಭಾಬಿಯ ಯಜಮಾನರು ಅದರ ಕಡೆ ನೋಡಿ, ನನ್ನ ಕಡೆ ನೋಡಿ, ಮೂರು ಕಪ್ ಚಹಾ ಮತ್ತು ಬನ್ನು ತಂದರು. ನಿಂತುಕೊಂಡೇ ತಿಂದೆವು. ನಮ್ಮವರು ಕಪ್ಪು ಕನ್ನಡಕದ ಹಿಂದಿನಿಂದ ರಸ್ತೆಯಾಚೆಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದರು. ಬೇರೆ ದಿನವಾಗಿದ್ದರೆ ಸಾಕು ಸುಮ್ಮನಿರಿ ಅನ್ನುತ್ತಿದ್ದೆ.

ಮನೆಗೆ ಬಂದರೆ ಭಾಬಿ ನಮ್ಮ ಹಿತ್ತಲಿನಲ್ಲೇ ಕಾಯುತ್ತ ಕೂತಿದ್ದರು. ಚೆಲ್ಲಿದ್ದನ್ನು ಬಳಿದು, ಜಾರು ತೊಳೆದು, ನನ್ನ ರಂಜಕವನ್ನು ಭರಣಿಗೆ ತುಂಬಿ ಬಟ್ಟೆ ಕಟ್ಟಿಟ್ಟಿದ್ದರು. ಕಣ್ಣಿಗೆ ಏನೂ ಆಗಿಲ್ಲ ಎಂದು ಕೇಳಿ, ಸೆರಗಿನಿಂದ ಮುಖ ಒರೆಸಿಕೊಂಡು, "ಮತ್ತ ನಾ ನೀರ ಗೊಜ್ಜಿದ್ರ?" ಎಂದರು.

"ಗೊಜ್ಜಲಿಲ್ಲಲ್ಲ ಭಾಬಿ."

"ನೀವ ಒದರಿದ್ದಕ್ಕ ಬಿಟ್ಟೆ. ನೀವ ಒದರೂದು ನಾ ಇವತ್ತ ಮೊದಲ ಕೇಳಿದ್ದು."

ಬಳೆಯ ಕಥೆ ಹೇಳಿ ಕೈ ಚಾಚಿದೆ. ಅವರು ಎಣ್ಣೆ ತಂದು, ನನ್ನ ಕೈಗೆ ಸವರಿ, ಮುದುರಿ ಹಿಡಿದು ಒಂದೊಂದೇ ಬಳೆಯನ್ನು ನೋವಾಗದಂತೆ ಜಾರಿಸಿ ತೆಗೆದರು. ಬಳೆಯ ಕೆಳಗಿನ ಚರ್ಮ ಉಂಗುರ ಉಂಗುರವಾಗಿ ಕೆಂಪಗಿತ್ತು. ಅಷ್ಟು ಹೊತ್ತು ಆ ಉರಿ ನನಗೆ ತಿಳಿದೇ ಇರಲಿಲ್ಲ, ಈಗ ಒಮ್ಮೆಲೇ ಏರಿತು. ತಣ್ಣನೆ ಮಜ್ಜಿಗೆಯಲ್ಲಿ ಮಣಿಕಟ್ಟು ಅದ್ದಿ ಕೂತೆ. ಕೊನೆಯ ಬಳೆಗೆ ಬಂದಾಗ ಭಾಬಿಯೇ ಕೈ ತಡೆದು, "ಒಂದ ಇರಲೇನ್ರಿ? ನಿಮ್ಮ ಅತ್ತಿಯವರು ಬಿಡತಿರ್ಲಿಲ್ಲ" ಎಂದರು. ನಾನು ಅದನ್ನೂ ತೆಗೆಯಿರಿ ಎಂದು ಹೇಳಿ, ದೇವರ ಮುಂದಿನ ಅರಿಷಿಣ ಹಚ್ಚಿದ ದಾರವನ್ನು ಎರಡೂ ಕೈಗೆ ಕಟ್ಟಿಸಿಕೊಂಡೆ. ದಾರಕ್ಕೆ ಖಾರ ಹತ್ತಿದರೆ ಬಿಚ್ಚಿ ಹೊಸದು ಕಟ್ಟಬಹುದು. ಬಳೆಗಳು ಎಣ್ಣೆ, ಕಡಲೆಹಿಟ್ಟಿನ ಬಟ್ಟಲಿನಲ್ಲಿ ಮುಳುಗಿ ಕೂತವು.

ಒಳಗಿನಿಂದ ನಮ್ಮವರು ಅದನ್ನೆಲ್ಲ ನೋಡುತ್ತಿದ್ದರು. ಈಗ ಅವರಿಗೆ ಹಿತ್ತಲಿನವರೆಗೂ ಕಾಣುತ್ತದಲ್ಲ. "ಏ, ನಾ ಇನ್ನೂ ಜೀವಂತ ಅದೇನಿ. ದಾರ ಕಟ್ಟಿ ಸಾಬೀತ ಮಾಡಬೇಕೇನ?"

"ಸುಮ್ನ ಮಕ್ಕೊಳ್ರಿ ನೀವು!"

ಅವರು ಮಲಗಿದರು. ನಾನೂ ಅಡುಗೆಮನೆಯ ನೆಲದ ಮೇಲೆ ಚಾಪೆ ಹಾಸಿ ಅಡ್ಡಾದೆ. ಮುಂದಿನ ಕೋಣೆಯಿಂದ ಅವರ ಗೊರಕೆ ಕೇಳಿಸುತ್ತಿತ್ತು. ಪ್ರತಿದಿನ ಕಿವಿಗೆ ಹತ್ತಿ ಇಟ್ಟುಕೊಳ್ಳುವಷ್ಟು ಜೋರಾದ ಆ ಗೊರಕೆ ಅಂದು ನನಗೆ ಜೋಗುಳವಾಯಿತು.

ಸಂಜೆ ಮತ್ತೆ ಹನಿಯ ಹೊತ್ತಾಯಿತು. ಈ ಸಲ ಮೊಳಕೈವರೆಗೂ ತೊಳೆದಿದ್ದೆ, ಮೊಳಕೈವರೆಗೂ ತಿರುಗಿಸಿ ನೋಡಿದ್ದೆ. ಆದರೂ ಬಾಟಲಿ ಹಿಡಿದು ನಿಂತೇ ಇದ್ದೆ. ಇವತ್ತಾದರೂ ಬೇರೆ ಯಾರಾದರೂ ಹಾಕಲಿ ಎನ್ನುತ್ತಾರೇನೋ ಎಂದು ನೋಡಿದೆ. ಅವರು ಮಂಚದ ಅಂಚಿಗೆ ಬಂದು, ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದರು. ಆಮೇಲೆ ಒಂದು ಕ್ಷಣ ಬಾಯಿ ಮುಚ್ಚಿ, "ಹಾಕ. ನಿನ್ನ ಬಿಟ್ಟ ಬ್ಯಾರೇದವರ ಕೈ ನಡಿಯಂಗಿಲ್ಲ ಇದಕ್ಕ" ಎಂದು ಮತ್ತೆ ತೆರೆದರು. ಗಲ್ಲದ ಕೆಂಪು ಇಳಿದಿತ್ತು. ಬಳೆಯ ಸದ್ದಿಲ್ಲದ ನನ್ನ ಕೈ ಯಾರದೋ ಕೈಯ ಹಾಗೆ ಕಂಡಿತು. ಹನಿ ಸರಿಯಾಗಿ ಬಿತ್ತು. ಇಬ್ಬರೂ ಕಾದೆವು.

"ಚುರುಗುಟ್ಟತೇನ್ರಿ?"

"ದಿನದಷ್ಟ."

ನಾನು ರೊಟ್ಟಿ ಬಡಿಯಲು ಕೂತೆ. ಮುಸ್ಸಂಜೆಗೆ ಭಾಬಿ ತಮ್ಮ ಪಾಲನ್ನೂ ರುಬ್ಬಿ ಮುಗಿಸಿ, ಸಣ್ಣ ಬಟ್ಟಲಿನಲ್ಲಿ ರುಚಿಗೆಂದು ಸ್ವಲ್ಪ ತಂದು, ಕುಸಿದ ಗೋಡೆಯ ಮೇಲಿಂದ ದಾಟಿಸಿದರು. ಅವರ ಕೈಗೆ ಒಂದು ಬಿಸಿ ರೊಟ್ಟಿ ಕೊಟ್ಟೆ. ನಮ್ಮವರು ಕಪ್ಪು ಕನ್ನಡಕ ಹಾಕಿಕೊಂಡೇ ಹಿತ್ತಲ ಬಾಗಿಲಿಗೆ ಬಂದು, ರೊಟ್ಟಿಯ ತುಂಡಿಗೆ ರಂಜಕ, ಅದರ ಮೇಲೆ ಬೆಣ್ಣೆ ಇಟ್ಟು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ನನ್ನ ಜೀವ ಒಮ್ಮೆ ಹಾರಿತು. ರುಚಿಗೆ ಮುಚ್ಚಿದ್ದು ಅಷ್ಟೇ.

ಗೋಡೆಯ ಆಚೆ ಭಾಬಿ ನಿಂತುಕೊಂಡೇ ಒಂದು ತುತ್ತು ತಿಂದರು. ಅಗಿದರು. ಇನ್ನೊಮ್ಮೆ ರೊಟ್ಟಿ ಅದ್ದಿ ತಿಂದು ನೋಡಿದರು. ಆಮೇಲೆ ಒಣಗಿದ ಬಟ್ಟೆಗಳನ್ನು ತಂತಿಯಿಂದ ಎಳೆದು ಹೆಗಲಿಗೆ ಹಾಕಿಕೊಳ್ಳುತ್ತ, ತಿರುಗಿ ನೋಡದೆಯೇ ಅಂದರು:

"ಏನ ಅನ್ರಿ ಅಕ್ಕಾರ, ಈ ವರ್ಷ ಕಾಯಿ ಭಾಳ ಸಪ್ಪಗ ಅದಾವ. ಖಾರನ ಇಲ್ಲ ನೋಡ್ರಿ."